ಸ್ನಾನ ಮಾಡದೆ ಬರೆದ ವರದಿ

ನನ್ನ ಕೆಲಸದ ದಿನಚರಿಯ ಒಂದು ಪುಟದಲ್ಲಿ, ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಬರೆದ ನಾಲ್ಕು ವಾಕ್ಯಗಳಿವೆ. "ನಾಲ್ಕನೇ ಕಂಪ್ಯೂಟರಿಗೆ ನಾನೂರು ಪಿಂಗ್ ಕಳುಹಿಸಿದೆ. ನಾನೂರಕ್ಕೂ ಉತ್ತರ ಬಂತು. ನೆಟ್‌ವರ್ಕಿನಲ್ಲಿ ದೋಷವಿಲ್ಲ. ಕಂಪ್ಯೂಟರನ್ನು ಕೈಯಿಂದ ಆರಿಸಲಾಗಿದೆ." ಇವುಗಳಲ್ಲಿ ಮೊದಲ ಎರಡು ನಿಜ. ಮೂರನೆಯದು ತಪ್ಪು. ನಾಲ್ಕನೆಯದನ್ನು ನಾನು ನೋಡಿರಲಿಲ್ಲ, ಯಾರೂ ನನಗೆ ಹೇಳಿಯೂ ಇರಲಿಲ್ಲ. ಅದರ ಕೆಳಗೆ ಐದನೆಯ ವಾಕ್ಯವೊಂದಿದೆ. ಅದನ್ನು ಇಲ್ಲಿ ಬರೆಯಲು ಇನ್ನೂ ಸ್ವಲ್ಪ ಹೊತ್ತು ಬೇಕು.

ಜಾಗ ಪಲ್ಲಡಂನ ಹೊರವಲಯದ ಒಂದು ಹ್ಯಾಚರಿ. ಕೋಳಿಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುವ ಕಾರ್ಖಾನೆ. ಮೊಟ್ಟೆಗಳನ್ನು ಹದಿನೆಂಟು ದಿನ ಇಡುವ, ಕೋಣೆಯಷ್ಟು ದೊಡ್ಡ ಯಂತ್ರಕ್ಕೆ ಸೆಟ್ಟರ್ ಎನ್ನುತ್ತಾರೆ. ಅಲ್ಲಿ ಹನ್ನೆರಡು ಸೆಟ್ಟರುಗಳಿದ್ದವು. ಎರಡು ಸೆಟ್ಟರಿಗೆ ಒಂದರಂತೆ ಆರು ಕಂಪ್ಯೂಟರುಗಳು ಅವುಗಳ ಉಷ್ಣಾಂಶ, ತೇವಾಂಶಗಳನ್ನು ಓದಿ ಹೊರಗಿನ ಆಫೀಸಿನಲ್ಲಿದ್ದ ಸರ್ವರಿಗೆ ಕಳುಹಿಸುತ್ತಿದ್ದವು. ಓದಿದ್ದನ್ನು ಕಳುಹಿಸುತ್ತಿದ್ದವೇ ಹೊರತು ತಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಸರ್ವರ್ ಅದನ್ನು ಗ್ರಾಫ್ ಮಾಡಿ ತೋರಿಸುತ್ತಿತ್ತು. ಈ ನೆಟ್‌ವರ್ಕ್ ನನ್ನ ಜವಾಬ್ದಾರಿ. ಕಂಪನಿಯ ಮುಖ್ಯ ಕಚೇರಿ ಕೊಯಮತ್ತೂರಿನ ಗಾಂಧಿಪುರಂನಲ್ಲಿ. ನಾನು ಅಲ್ಲಿಂದ ವಾರಕ್ಕೆ ಮೂರು ದಿನ ಸೂಲೂರಿನ ಮೇಲೆ ಬೈಕಿನಲ್ಲಿ ಪಲ್ಲಡಂಗೆ ಹೋಗಿಬರುತ್ತಿದ್ದೆ.

ಹ್ಯಾಚರಿಯ ಒಳಗೆ ಹೋಗುವುದು ಸುಲಭವಲ್ಲ. ಹೊರಗಿನ ರೋಗ ಒಳಗೆ ಹೋಗಬಾರದು ಎಂದು ಪ್ರತಿಯೊಬ್ಬರೂ ಬಾಗಿಲಲ್ಲಿ ತಲೆಸ್ನಾನ ಮಾಡಬೇಕು. ಹಾಕಿಕೊಂಡು ಬಂದ ಬಟ್ಟೆ, ಚಪ್ಪಲಿ ಈಚೆ ಬಿಡಬೇಕು. ಅವರು ಕೊಡುವ ನೀಲಿ ಬಟ್ಟೆ, ಗಂಬೂಟು ತೊಟ್ಟು ಆಚೆಯ ಬಾಗಿಲಿಂದ ಒಳಗೆ ಹೋಗಬೇಕು. ಹೊರಗೆ ಬಂದು ಮತ್ತೆ ಹೋಗಬೇಕಾದರೆ ಮತ್ತೆ ಸ್ನಾನ. ಮನುಷ್ಯರಿಗೆ ಸ್ನಾನವಾದರೆ ಸಾಮಾನುಗಳಿಗೆ ಹೊಗೆ. ಫಾರ್ಮಲಿನ್‌ನಿಂದ ಎಬ್ಬಿಸುವ, ಕಣ್ಣು ಮೂಗು ಉರಿಸುವ ಘಾಟು ಹೊಗೆ. ಕನ್ನಡಕ, ಫೋನಿನಂಥ ಕೈಸಾಮಾನು ಬಿಟ್ಟು ಒಳಗೆ ಹೋಗುವ ಯಾವ ವಸ್ತುವೇ ಆಗಲಿ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಕವರ್ ತೆಗೆದು ಜಾಲರಿ ತಟ್ಟೆಯ ಮೇಲೆ ಹರಡಿ, ಹೊಗೆ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚುತ್ತಾರೆ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ಇಟ್ಟದ್ದು ಏನು, ಇಟ್ಟವರು ಯಾರು ಎಂದು ಬರೆದು ಸಹಿ ಹಾಕಬೇಕು.

ಸೆಟ್ಟರ್ ಕೋಣೆಯ ಮೇಲ್ವಿಚಾರಕಿ ಐವತ್ತು ದಾಟಿದ ಹೆಂಗಸು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವರು. ಕೊಯಮತ್ತೂರಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡದ ಮನೆಯವರು. ನಾನು ಮೊದಲ ಸಲ ಹೋದಾಗ ಫೋನಿನಲ್ಲಿ ಮನೆಗೆ ಮಾತಾಡುವುದನ್ನು ಕೇಳಿಸಿಕೊಂಡು ಅವರೇ ಮಾತಾಡಿಸಿದ್ದರು.

"ಏನ್ ತಂಬಿ, ಕನ್ನಡದವರಾ? ಮುಂಚೇನೇ ಹೇಳಕ್ಕಾಗಲ್ವಾ? ಆ ಗೇಟ್‌ಕಾರರ ಹತ್ರ ನಿಮ್ಮ ತಮಿಳು ಕೇಳಿ ನಂಗೆ ಪಾವ ಅನ್ಸೋಯ್ತು."

"ನೀವು ಎಲ್ಲಿಯವರು ಅಕ್ಕ?"

"ಇಲ್ಲೇ. ನಮ್ದು ಮನೇಲಿ ಮಾತಾಡೋ ಕನ್ನಡ. ಪಾದಿ ತಮಿಳು, ಪಾದಿ ಕನ್ನಡ. ಓದಕ್ಕೆ ಬರಲ್ಲ. ನಗಬೇಡಿ."

ಅಂದಿನಿಂದ ನಾನು ತಂಬಿ, ಅವರು ಅಕ್ಕ. ನನ್ನ ದಿನಚರಿಯನ್ನು ನೋಡಿ ಅದೇನು ಎಂದು ಕೇಳಿದ್ದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದ್ದೆ. ಹಿಂದೆ ಒಂದು ಪತ್ರಿಕೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾಗ ಅಲ್ಲಿನ ಸುದ್ದಿ ಸಂಪಾದಕರಿಂದ ಕಲಿತ ಕ್ರಮ ಅದು. ಪುಟದ ಮಧ್ಯೆ ಒಂದು ಗೆರೆ. ಎಡಗಡೆ ‘ಕಂಡದ್ದು’, ಬಲಗಡೆ ‘ಕೇಳಿದ್ದು’. ನಾನೇ ನೋಡಿದ್ದು, ಅಳೆದದ್ದು ಎಡಕ್ಕೆ. ಬೇರೆಯವರು ಹೇಳಿದ್ದು ಬಲಕ್ಕೆ. ಪ್ರತಿ ಸಾಲಿಗೂ ಸಮಯ. ಎರಡನ್ನೂ ಬೆರೆಸಬಾರದು. "ನಲ್ಲಾ ಇದೆ ತಂಬಿ," ಎಂದಿದ್ದರು ಅವರು. "ನಮ್ಮ ಫಿಟ್ಟರಿಗೂ ಒಂದು ಇಂಥ ಪುಸ್ತಕ ಕೊಡಿಸಿ."

ಘಟನೆ ನಡೆದದ್ದು ತಮಿಳರ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಶುರುವಾದ ಮೇಲೆ. ಒಂದು ಮಧ್ಯಾಹ್ನ ಏಳನೇ ಸೆಟ್ಟರಿನ ಫ್ಯಾನ್ ಬೆಲ್ಟು ಜಾರಿ ಒಳಗಿನ ಬಿಸಿ ಏರಿತು. ಮೇಲ್ವಿಚಾರಕಿಯ ರಿಜಿಸ್ಟರಿನ ಪ್ರಕಾರ ಎರಡು ಗಂಟೆ ಹತ್ತು ನಿಮಿಷಕ್ಕೆ ಯಂತ್ರದ ಬಜರ್ ಹೊಡೆದುಕೊಂಡಿತು, ಐದು ನಿಮಿಷದಲ್ಲಿ ಯಂತ್ರ ರಿಪೇರಿಯ ಫಿಟ್ಟರಿಗೆ ಫೋನ್ ಹೋಯಿತು, ಅವನು ಬಂದದ್ದು ಮೂರಕ್ಕೆ. ಫಿಟ್ಟರ್ ಹೇಳುವಂತೆ ಫೋನ್ ಬಂದದ್ದೇ ಎರಡೂ ಐವತ್ತಕ್ಕೆ. ಹ್ಯಾಚರಿಯ ಒಳಗಿನ ಇಂಟರ್‌ಕಾಮ್‌ನಲ್ಲಿ ಕರೆಯ ಲೆಕ್ಕ ಉಳಿಯುವುದಿಲ್ಲ. ಈ ವ್ಯತ್ಯಾಸ ಅಂದು ಯಾರ ಗಮನಕ್ಕೂ ಬರಲಿಲ್ಲ. ಹನ್ನೊಂದು ದಿನಗಳ ನಂತರ ಆ ಸೆಟ್ಟರಿನ ಮೊಟ್ಟೆಗಳಲ್ಲಿ ಅರ್ಧದಷ್ಟೂ ಮರಿಯಾಗದೆ ಹೋದಾಗ ಬಂತು.

ಮ್ಯಾನೇಜರ್ ನನ್ನನ್ನು ಕರೆಸಿದರು. ಅವರ ಮಾತೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಫಿಟ್ಟರ್ ಒಂದು ಹೇಳ್ತಾನೆ, ಆಯಮ್ಮ ಒಂದು ಹೇಳ್ತಾರೆ. ಇಬ್ಬರೂ ಹಳಬರು. ಗ್ರಾಫು ಯಾರ ಕಡೆಯದೂ ಅಲ್ಲ. ಅದು ಏನು ಹೇಳುತ್ತೆ ನೋಡಿ ಹೇಳಿ."

ಗ್ರಾಫ್ ಏನೂ ಹೇಳಲಿಲ್ಲ. ಎರಡೂ ಎಂಟರಿಂದ ಎರಡೂ ಐವತ್ತೆರಡರವರೆಗೆ ಏಳನೇ ಸೆಟ್ಟರಿನ ಗೆರೆಯೇ ಇರಲಿಲ್ಲ. ಅದಕ್ಕೆ ಮೊದಲು ಎಲ್ಲ ಸರಿ. ಅದರ ನಂತರ ಬಿಸಿ ಏರಿ ನಿಂತಿದೆ. ಬೇಕಾದ ನಲವತ್ತನಾಲ್ಕು ನಿಮಿಷ ಮಾತ್ರ ಖಾಲಿ. ನೋಡಿದ ಯಾರಿಗಾದರೂ ಬರುವ ಅನುಮಾನ ನನಗೂ ಬಂತು. ಯಾರೋ ಆ ಹೊತ್ತನ್ನು ಮುಚ್ಚಿಟ್ಟಿದ್ದಾರೆ.

ಎರಡು ಸಾಧ್ಯತೆಗಳಿದ್ದವು. ಒಳಗಿನ ನಾಲ್ಕನೇ ಕಂಪ್ಯೂಟರ್ ಕಳುಹಿಸಿದ ಮಾಹಿತಿ ದಾರಿಯಲ್ಲಿ ಕಳೆದುಹೋಗಿರಬೇಕು, ಇಲ್ಲವೇ ಆ ಕಂಪ್ಯೂಟರೇ ಆರಿರಬೇಕು. ಮೊದಲನೆಯದನ್ನು ಪರೀಕ್ಷಿಸಲು ಆಫೀಸಿನಲ್ಲೇ ಕುಳಿತು ಪಿಂಗ್ ಮಾಡಿದೆ. ಪಿಂಗ್ ಎಂದರೆ ಆ ತುದಿಯ ಯಂತ್ರವನ್ನು ‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ. ನಾನೂರು ಸಲ ಕೇಳಿದೆ, ನಾನೂರು ಸಲವೂ ‘ಇದ್ದೇನೆ’ ಎಂದಿತು. ಎರಡನೆಯದನ್ನು ಪರೀಕ್ಷಿಸಲು ಒಳಗೆ ಹೋಗಬೇಕಿತ್ತು. ಕಂಪ್ಯೂಟರ್ ಯಾವಾಗ ಆರಿತು, ಯಾವಾಗ ಹತ್ತಿತು ಎಂಬುದು ಅದರಲ್ಲೇ ದಾಖಲಾಗಿರುತ್ತದೆ. ಎರಡು ನಿಮಿಷದ ಕೆಲಸ. ದೂರದಿಂದ ತೆರೆದು ನೋಡುವ ವ್ಯವಸ್ಥೆ ಆ ಹಳೆಯ ಯಂತ್ರಗಳಲ್ಲಿರಲಿಲ್ಲ.

ನಾನು ಹೋಗಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಸ್ನಾನವಾಗಿತ್ತು. ಒಂಬತ್ತಕ್ಕೆ ಬೇರೊಂದು ಕೆಲಸಕ್ಕೆ ಒಳಗೆ ಹೋಗಿ ಬಂದದ್ದರಿಂದ ಎರಡನೆಯದೂ ಆಗಿತ್ತು. ತಲೆ ಇನ್ನೂ ಒದ್ದೆಯಿತ್ತು, ನೆಗಡಿಯ ಸೂಚನೆ ಇತ್ತು. ಮೂರನೆಯ ಸ್ನಾನ ಬೇಡವೆನಿಸಿತು. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಬರೆಯಲು ಇಷ್ಟು ಮುಜುಗರವಾಗುತ್ತಿರಲಿಲ್ಲ.

ಆಫೀಸಿನಲ್ಲೇ ದಿನಚರಿ ಬರೆದೆ, ಎಡಗಡೆಯ ಅಂಕಣದಲ್ಲಿ. ಅದನ್ನೇ ಇಂಗ್ಲಿಷಿನಲ್ಲಿ ವರದಿ ಮಾಡಿ ಮ್ಯಾನೇಜರಿಗೂ ಗಾಂಧಿಪುರಂಗೂ ಕಳುಹಿಸಿದೆ. ಮಧ್ಯಾಹ್ನ ಮೇಲ್ವಿಚಾರಕಿಯನ್ನು ಆಫೀಸಿಗೆ ಕರೆಸಿದರು. ನಾನು ಅಲ್ಲೇ ಇದ್ದೆ. ಅವರು ಮ್ಯಾನೇಜರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ತಂಬಿ, ನಾನು ಕಂಪ್ಯೂಟರ್ ಆಫ್ ಮಾಡ್ಲೇ ಇಲ್ಲ. ಅದರ ಪಕ್ಕಕ್ಕೇ ಹೋಗಿಲ್ಲ. ಬಜರ್ ಹೊಡೀತಾ ಇರೋವಾಗ ನಾನು ಮೊಟ್ಟೆ ನೋಡ್ತೀನಾ, ಕಂಪ್ಯೂಟರ್ ನೋಡ್ತೀನಾ?"

"ನೆಟ್‌ವರ್ಕ್ ಸರಿಯಾಗಿದೆ ಅಕ್ಕ. ಮಾಹಿತಿ ಬರದೇ ಇರೋಕೆ ಇನ್ನೊಂದೇ ಕಾರಣ ಉಳಿಯೋದು."

"ಒಂದೇ ಕಾರಣ ಅಂತ ನಿಮಗೆ ಎಪ್ಪಡಿ ಗೊತ್ತು? ಒಳಗೆ ಬಂದು ನೋಡಿದ್ರಾ?"

"ಬರಬೇಕಾಗಿಲ್ಲ. ಇಲ್ಲಿಂದಲೇ ಕಾಣುತ್ತೆ."

ಅವರು ನಕ್ಕರು. ಸಂತೋಷದ ನಗೆಯಲ್ಲ. "ಮೊಟ್ಟೆ ಕೂಡ ಹೊರಗಿಂದ ಎಲ್ಲಾ ಒಂದೇ ಥರ ಕಾಣುತ್ತೆ ತಂಬಿ. ಅದಕ್ಕೇ ತಾನೇ ನಾವು ಒಂದೊಂದಕ್ಕೂ ಲೈಟ್ ಹಿಡಿದು ನೋಡೋದು."

ಆಕೆ ಏನಂದರು ಎಂದು ಮ್ಯಾನೇಜರ್ ನನ್ನನ್ನು ಕೇಳಿದರು. "ಒಪ್ಪಿಕೊಳ್ಳುತ್ತಿಲ್ಲ" ಎಂದೆ. ಅವರ ಮಾತನ್ನು ನಾನು ಅನುವಾದ ಮಾಡಿದ್ದು ಅಷ್ಟೇ.

ಮರುದಿನದಿಂದ ಅವರನ್ನು ಸೆಟ್ಟರ್ ಕೋಣೆಯಿಂದ ತೆಗೆದು ಮೊಟ್ಟೆ ವಿಂಗಡಿಸುವ ಶೆಡ್ಡಿಗೆ ಹಾಕಿದರು. ರಿಜಿಸ್ಟರ್ ತಿದ್ದಿದ ಆರೋಪದ ವಿಚಾರಣೆ ಮುಗಿಯುವವರೆಗೆ ಅಲ್ಲೇ. ಆರೋಪ ನಿಂತರೆ ಕೆಲಸ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ವರದಿಯ ಸಾರವನ್ನು ತಮಿಳಿನಲ್ಲಿ ಟೈಪ್ ಮಾಡಿ ಊಟದ ಶೆಡ್ಡಿನ ಬೋರ್ಡಿಗೆ ಅಂಟಿಸಲಾಯಿತು, ಬೇರೆಯವರಿಗೆ ಎಚ್ಚರಿಕೆಯಾಗಲಿ ಎಂದು. ಆ ವಾರ ಶೆಡ್ಡಿನ ಮುಂದೆ ಅವರು ಎದುರಾದರು. "ಚೆನ್ನಾಗಿದ್ದೀರಾ ಅಕ್ಕ" ಎಂದೆ. "ಇದ್ದೀನಿ ಸಾರ್" ಎಂದು ಹೇಳಿ ಹೋದರು.

ಹತ್ತು ದಿನಗಳ ನಂತರ ಎರಡನೇ ಕಂಪ್ಯೂಟರಿನ ಗ್ರಾಫಿನಲ್ಲಿ ಹದಿನೇಳು ನಿಮಿಷ ಖಾಲಿ ಬಂತು. ಅಲ್ಲೀಗ ಹೊಸ ಮೇಲ್ವಿಚಾರಕರಿದ್ದರು, ಮ್ಯಾನೇಜರ್ ತಾವೇ ಆರಿಸಿ ಹಾಕಿದವರು. ಖಾಲಿ ಬಿದ್ದ ಹೊತ್ತಿನಲ್ಲಿ ಮೂರನೇ ಸೆಟ್ಟರಿನ ಮೊಟ್ಟೆಗಳನ್ನು ಹೊರತೆಗೆಯಲು ಬಾಗಿಲು ತೆರೆದಿಟ್ಟಿದ್ದರು. ಉಷ್ಣಾಂಶ ಮಿತಿ ದಾಟಿ ಇಳಿದಿತ್ತು. ಇದನ್ನು ಕಂಡದ್ದು ನಾನೊಬ್ಬನೇ. ಆಗ ನನಗೆ ಮೊದಲು ನೆನಪಾದದ್ದು ಶೆಡ್ಡಿನಲ್ಲಿದ್ದ ಆಕೆಯಲ್ಲ, ನನ್ನ ವರದಿ. ಇದು ಹೊರಬಿದ್ದರೆ ವರದಿಯ ಗತಿ ಏನು ಎಂದು. ಇದನ್ನು ಅಂದಿನ ಪುಟದಲ್ಲಿ ಬರೆಯಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅಂದು ಸ್ನಾನ ಮಾಡಿ ಒಳಗೆ ಹೋದೆ. ಮೊದಲು ನಾಲ್ಕನೇ ಕಂಪ್ಯೂಟರಿನ ಮುಂದೆ ಕುಳಿತು ಅದರ ದಾಖಲೆ ತೆರೆದೆ. ಏಳನೇ ಸೆಟ್ಟರಿನ ಘಟನೆಗೆ ಎಂಟು ದಿನ ಮೊದಲಿನಿಂದ ಆ ಕಂಪ್ಯೂಟರ್ ಒಮ್ಮೆಯೂ ಆರಿರಲಿಲ್ಲ. ಎರಡು ನಿಮಿಷವೂ ಬೇಕಾಗಲಿಲ್ಲ.

ಹಾಗಾದರೆ ಮಾಹಿತಿ ದಾರಿಯಲ್ಲೇ ಕಳೆದಿರಬೇಕು. ಆದರೆ ನಾನೂರು ಪಿಂಗಿಗೆ ನಾನೂರು ಉತ್ತರ ಬಂದದ್ದು? ಒಳಗಿನ ತಂತ್ರಾಂಶದ ವಿವರಗಳನ್ನು ಮತ್ತೆ ಓದಿದೆ. ಸಾಧಾರಣ ಸಮಯದಲ್ಲಿ ಕಂಪ್ಯೂಟರ್ ನಿಮಿಷಕ್ಕೊಂದು ಸಣ್ಣ ಸಂದೇಶ ಕಳುಹಿಸುತ್ತದೆ. ಉಷ್ಣಾಂಶ ಮಿತಿ ದಾಟಿ ಏರತೊಡಗಿದರೆ ಇಲ್ಲವೇ ಇಳಿಯತೊಡಗಿದರೆ ಎಲ್ಲ ಸೆನ್ಸರುಗಳ ಓದನ್ನೂ ಒಟ್ಟಿಗೆ ಸೇರಿಸಿ, ಸೆಕೆಂಡಿಗೊಂದರಂತೆ ದೊಡ್ಡ ದೊಡ್ಡ ಪ್ಯಾಕೆಟ್ಟುಗಳನ್ನು ತಳ್ಳಲು ಶುರುಮಾಡುತ್ತದೆ. ಪಿಂಗನ್ನೂ ದೊಡ್ಡ ಪ್ಯಾಕೆಟ್ಟಾಗಿ, ಬಿಡುವಿಲ್ಲದೆ ಕಳುಹಿಸಿ ನೋಡಿದೆ. ನೂರರಲ್ಲಿ ಮೂವತ್ತೊಂದು ವಾಪಸು ಬರಲಿಲ್ಲ. ಸಣ್ಣದನ್ನು ಕಳುಹಿಸಿದರೆ ನೂರಕ್ಕೆ ನೂರು. ಒಂದು ಪ್ಯಾಕೆಟ್ ತಪ್ಪಿದರೂ ಸರ್ವರ್ ಆ ನಿಮಿಷದ ಗೆರೆಯನ್ನೇ ಎಳೆಯುತ್ತಿರಲಿಲ್ಲ.

ಗೆರೆ ಖಾಲಿಯಾದದ್ದು ಯಾರೋ ಮುಚ್ಚಿಟ್ಟದ್ದರಿಂದ ಅಲ್ಲ. ಬಿಸಿ ಏರಿದ್ದರಿಂದಲೇ ಗೆರೆ ಖಾಲಿಯಾಗಿತ್ತು. ಬಿಸಿ ಏರಿದಾಗ ಮಾತು ಹೆಚ್ಚಾಗುತ್ತದೆ, ಮಾತು ಹೆಚ್ಚಾದಾಗ ದಾರಿ ಅದನ್ನು ತಾಳುತ್ತಿರಲಿಲ್ಲ. ಬಿಸಿಯ ಏರಿಳಿತ ನಿಂತ ಮೇಲೆ ಗೆರೆ ಮತ್ತೆ ಮೂಡುತ್ತಿತ್ತು. ಯಾವುದನ್ನು ನಾನು ಆಕೆಯ ವಿರುದ್ಧದ ಸಾಕ್ಷಿ ಎಂದುಕೊಂಡಿದ್ದೆನೋ ಅದು ಆಕೆಯ ಪರವಾಗಿ ಮಾತಾಡುತ್ತಿತ್ತು. ಎರಡೂ ಎಂಟಕ್ಕೆ ಬಿಸಿ ಏರತೊಡಗಿತ್ತು, ಎರಡೂ ಹತ್ತಕ್ಕೆ ಬಜರ್ ಹೊಡೆದಿತ್ತು. ಆಕೆಯ ರಿಜಿಸ್ಟರಿನಲ್ಲಿದ್ದದ್ದೂ ಅದೇ.

ಆದರೂ ಅಂದೇ ಹೋಗಿ ಹೇಳಲಿಲ್ಲ. ಕಾರಣ ಸಿಕ್ಕ ಮೇಲೆ ಹೇಳೋಣ ಎಂದುಕೊಂಡೆ. ಪೂರ್ತಿ ಗೊತ್ತಿಲ್ಲದೆ ಬರೆಯಬಾರದು ಎಂಬ ಶಿಸ್ತು ಅವರ ಮೇಲೆ ಬರೆಯುವಾಗ ನೆನಪಾಗಿರಲಿಲ್ಲ. ನನ್ನ ಮೇಲೆ ಬರೆದುಕೊಳ್ಳುವಾಗ ತಟ್ಟನೆ ನೆನಪಾಯಿತು.

ಮುಂದಿನ ಮೂರು ವಾರ ದಿನಕ್ಕೆ ಮೂರು ಸ್ನಾನ. ಮೊದಲು ಕೇಬಲ್ ಬದಲಿಸಿದೆ. ಪ್ಯಾಕೆಟ್ ಕಳೆದುಹೋಗುವುದು ನಿಲ್ಲಲಿಲ್ಲ. ಎಲ್ಲ ಕೇಬಲುಗಳೂ ಬಂದು ಸೇರುವ ಸ್ವಿಚ್ಚಿನಲ್ಲಿ ಬೇರೆ ಪೋರ್ಟಿಗೆ ಹಾಕಿದೆ, ಅದೇ ಕತೆ. ನಾಲ್ಕನೇ ಕಂಪ್ಯೂಟರಿನಲ್ಲಿ ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡ್ ತೆಗೆದು, ನನ್ನ ಬಳಿ ಉಳಿದಿದ್ದ ಹೊಸ ಕಾರ್ಡ್ ಹಾಕಿದೆ. ದೊಡ್ಡ ಪಿಂಗಿಗೂ ನೂರಕ್ಕೆ ನೂರು. ಖುಷಿಯಾಗಿ ‘ಕಾರ್ಡಿನ ದೋಷ, ಸರಿಯಾಯಿತು’ ಎಂದು ಬರೆದೆ. ಒಂಬತ್ತನೇ ದಿನ ಹೊಸ ಕಾರ್ಡೂ ಪ್ಯಾಕೆಟ್ ಕಳೆಯತೊಡಗಿತು.

ಹೊಸ ಕಾರ್ಡೂ ಕೆಡುತ್ತದೆ ಎಂದರೆ ಕಾರ್ಡನ್ನು ಕೆಡಿಸುವ ಬೇರೇನೋ ಇದೆ. ಸ್ವಿಚ್ಚನ್ನೇ ಬದಲಿಸಿದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿದೆ. "ನಿಮ್ಮ ಮನೆ ಅರ್ಥಿಂಗ್ ಕೂಡ ಇಷ್ಟು ಚೆನ್ನಾಗಿರಲ್ಲ" ಎಂದು ಹೇಳಿ ಹೋದ. ಕಾರ್ಡನ್ನು ಬಿಚ್ಚಿ, ಅಂಚಿನ ಹೊಂಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದೆ. ಎರಡು ದಿನ ಸರಿಯಿತ್ತು, ಮೂರನೇ ದಿನ ಮತ್ತೆ ಹೋಯಿತು. ರಬ್ಬರ್ ಕಪ್ಪಾಗಿದ್ದನ್ನು ನೋಡಿ, ಧೂಳು ಎಂದುಕೊಂಡೆ. ಆರರಲ್ಲಿ ಐದು ಕಂಪ್ಯೂಟರುಗಳಲ್ಲಿ ಹೆಚ್ಚುಕಡಿಮೆ ಅದೇ ರೋಗ. ಆರನೆಯದಕ್ಕೆ ಮಾತ್ರ ಏನೂ ಇಲ್ಲ. ಅದೇ ಕಂಪನಿಯ ಕಾರ್ಡು, ಒಂದೇ ದಿನ ಹಾಕಿದ್ದು. ಸಿಡಿಲಿಗೆ ಹಳೆಯ ಪೋರ್ಟುಗಳು ಸುಟ್ಟಾಗ ಗಾಂಧಿಪುರಂನ ಒಂದು ಅಂಗಡಿಯಿಂದ ನಾನೇ ಒಟ್ಟಿಗೆ ತಂದಿದ್ದೆ.

ಆರನೆಯದರ ಕಾರ್ಡನ್ನು ನಾಲ್ಕನೆಯದಕ್ಕೂ, ನಾಲ್ಕನೆಯದರದ್ದನ್ನು ಆರನೆಯದಕ್ಕೂ ಅದಲುಬದಲು ಮಾಡಿದೆ. ನಾಲ್ಕನೇ ಕಂಪ್ಯೂಟರ್ ವಾಸಿಯಾಯಿತು, ಆರನೆಯದಕ್ಕೆ ರೋಗ ಬಂತು. ಜಾಗದ ದೋಷವಲ್ಲ, ಕೇಬಲಿನದ್ದಲ್ಲ, ಕರೆಂಟಿನದ್ದಲ್ಲ. ಕಾರ್ಡಿನದ್ದೇ. ಕೆಟ್ಟ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಟ್ಟೆ ನೋಡುವವರ ಭೂತಗನ್ನಡಿಯಲ್ಲಿ ನೋಡಿದೆ. ಕೇಬಲ್ ಸಿಕ್ಕಿಸುವ ಬಾಯಿಯೊಳಗಿನ ಎಂಟು ತಂತಿಗಳ ಬುಡದಲ್ಲಿ ತೆಳ್ಳಗೆ ಹಸಿರು ಕಟ್ಟಿತ್ತು. ಅಂಚಿನ ಪಟ್ಟಿಗಳು ಮಂಕಾಗಿದ್ದವು. ಆರನೆಯ ಕಾರ್ಡು ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು.

ಬಾಗಿಲ ಬಳಿಗೆ ಬಂದು ಹೊಗೆ ಕೋಣೆಯ ರಿಜಿಸ್ಟರಿನ ಹಿಂದಿನ ಪುಟಗಳನ್ನು ತಿರುವಿದೆ. ಕಾರ್ಡು ಹಾಕಿದ ದಿನದ ಸಾಲು ಸಿಕ್ಕಿತು. ‘ನೆಟ್‌ವರ್ಕ್ ಕಾರ್ಡ್ ಐದು. ಕವರ್ ತೆಗೆದು.’ ಸಹಿ ನನ್ನದು. ನಂತರ ಹಾಕಿದ ಹೊಸ ಕಾರ್ಡಿನ ಸಾಲೂ ಇತ್ತು. ‘ಒಂದು. ಕವರ್ ತೆಗೆದು.’ ಅದರ ಸಹಿಯೂ ನನ್ನದು. ಆರನೆಯ ಕಾರ್ಡಿನ ಉಲ್ಲೇಖವಿರಲಿಲ್ಲ.

ಕಾರ್ಡು ಹಾಕಿದ ದಿನ ನನ್ನ ಜೊತೆ ಇದ್ದ ಮೇಲ್ವಿಚಾರಕಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ. ಮೊಟ್ಟೆ ವಿಂಗಡಿಸುವ ಶೆಡ್ಡಿಗೆ ಹೋದೆ. ಅಲ್ಲಿಗೆ ಹೋಗಲು ಸ್ನಾನ ಬೇಕಿಲ್ಲ. ಅಷ್ಟು ದಿನ ಅಲ್ಲಿಗೆ ಹೋಗದಿರಲು ಆ ನೆಪವೂ ನನಗಿರಲಿಲ್ಲ. ಅವರು ಬಿರುಕು ಬಿಟ್ಟ ಮೊಟ್ಟೆಗಳನ್ನು ಒಂದು ಕಡೆ ಎತ್ತಿಡುತ್ತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರಿದ್ದರು.

"ಒಂದು ವಿಷಯ ಕೇಳಬೇಕಿತ್ತು ಅಕ್ಕ. ನೆಟ್‌ವರ್ಕ್ ಕಾರ್ಡ್ ಹಾಕಿದ ದಿನ ಆರನೆಯದು ಹೊಗೆಗೆ ಹೋಗಲಿಲ್ವಾ?"

ಅವರು ಕೈ ನಿಲ್ಲಿಸಲಿಲ್ಲ. "ಇಲ್ಲ ಸಾರ್. ಅದನ್ನ ನೀವು ಬ್ಯಾಗಲ್ಲೇ ಮರೆತುಬಿಟ್ಟು ಒಳಗೆ ಬಂದಿದ್ರಿ. ಊಟ ಮುಗಿಸಿ ಬರೋವಾಗ ನಾನು ಎತ್ತಿ ಯುವಿ ಪೆಟ್ಟಿಗೇಲಿ ಇಟ್ಟು ತಂದೆ. ನನ್ನ ಕನ್ನಡಕ, ಫೋನು ಎಲ್ಲಾ ಅದರಲ್ಲಿ ತಾನೇ ಬರೋದು. ಆ ನೀಲಿ ಲೈಟ್ ಬಿದ್ರೆ ಸಾಕು, ಕ್ರಿಮಿ ಸಾಯುತ್ತೆ. ಸರ್ಕ್ಯೂಟ್ ಇರೋ ಸಾಮಾನನ್ನ ಯಾರಾದ್ರೂ ಬತ್ತಲೆ ಮಾಡಿ ಫಾರ್ಮಲಿನ್‌ಗೆ ಇಡ್ತಾರಾ? ಅದು ಕಬ್ಬಿಣದ ಬಕೆಟ್ಟನ್ನೇ ತಿಂದಾಕುತ್ತೆ."

"ಅವತ್ತೇ ನನಗೆ ಹೇಳಬಹುದಿತ್ತಲ್ಲ."

ಈಗ ಅವರ ಕೈ ನಿಂತಿತು. "ಹೇಳ್ದೆ ಸಾರ್. ಯುವಿ ಸಾಕು ಅಂದೆ. ‘ರೂಲ್ ಎಲ್ಲರಿಗೂ ಒಂದೇ ಅಕ್ಕ’ ಅಂದ್ರಿ. ನಿಮ್ಮ ಪುಸ್ತಕದಲ್ಲಿ ಏನೋ ಬರ್ಕೊಂಡ್ರಿ ಕೂಡ."

ಪಕ್ಕದ ಹೆಂಗಸು ತಮಿಳಿನಲ್ಲಿ ಏನಂತೆ ಎಂದು ಕೇಳಿದಳು. "ಒಣ್ಣುಮಿಲ್ಲೆ," ಏನೂ ಇಲ್ಲ ಎಂದರು ಇವರು. "ಸಾರ್ ಏನೋ ಮರೆತಿದ್ರಂತೆ. ಕೇಳಕ್ಕೆ ಬಂದಿದ್ದಾರೆ."

ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತು ದಿನಚರಿ ತೆಗೆದೆ. ಆ ದಿನದ ಪುಟ, ಬಲಗಡೆಯ ಅಂಕಣ. ‘ಹತ್ತೂ ನಲವತ್ತು. ಮೇಲ್ವಿಚಾರಕಿ: ಎಲೆಕ್ಟ್ರಾನಿಕ್ ಸಾಮಾನಿಗೆ ಹೊಗೆ ಬೇಡ, ಯುವಿ ಪೆಟ್ಟಿಗೆ ಸಾಕು ಎನ್ನುತ್ತಾರೆ.’ ನನ್ನದೇ ಅಕ್ಷರ. ಮೂರು ವಾರ ಕೇಬಲ್ಲು, ಸ್ವಿಚ್ಚು, ಅರ್ಥಿಂಗು ಎಂದು ಓಡಾಡಿದವನು ಆ ಪುಸ್ತಕವನ್ನು ಪ್ರತಿದಿನ ಕೈಯಲ್ಲಿ ಹಿಡಿದಿದ್ದೆ. ಕೇಳಿದ್ದನ್ನು ಬೇರೆ ಅಂಕಣದಲ್ಲಿ ಬರೆಯುವುದು ಅದನ್ನು ಮತ್ತೆ ಪರೀಕ್ಷಿಸಲಿಕ್ಕೆ. ನಾನು ಅದನ್ನು ಕಡೆಗಣಿಸಲಿಕ್ಕೆ ಬಳಸಿದ್ದೆ.

ಮ್ಯಾನೇಜರಿಗೆ ಅಂದೇ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಕೆಲಸ ಮುಗಿಯಬೇಕು ಎನ್ನುವವರು.

"ಕಾರ್ಡು ಸರಿಯಿಲ್ಲ ಅಷ್ಟೇ ತಾನೇ? ಮಾಲೇ ಸರಿಯಿರಲಿಲ್ಲ ಅಂತ ಒಂದು ಸಾಲು ಬರೆದು ಬದಲಾಯಿಸಿಬಿಡಿ. ಹೊಗೆ, ಕವ್ರು ಅಂತೆಲ್ಲ ಯಾಕೆ?"

"ಅಂಗಡಿಯವರ ತಪ್ಪಲ್ಲ ಸಾರ್. ನಾನೇ ಕೆಡಿಸಿದ್ದು."

"ಆಯಮ್ಮನ ವಿಚಾರಣೆಯನ್ನ ನಾನು ಮೆಲ್ಲಗೆ ಕೈಬಿಡ್ತೀನಿ. ಅವರಿಗೂ ವಯಸ್ಸಾಯ್ತು, ಶೆಡ್ಡಲ್ಲಿ ಬಿಸಿ ಇಲ್ಲ, ನಿಂತು ನಿಂತು ಕಾಲು ನೋವಿಲ್ಲ. ನಿಮ್ಮ ಮೊದಲಿನ ವರದಿ ಫೈಲಲ್ಲಿ ಇರಲಿ ಬಿಡಿ. ಅದನ್ನ ಯಾರು ತೆಗೆದು ನೋಡ್ತಾರೆ?"

ನಾನು ಆಗಲೇ ಇಲ್ಲ ಎನ್ನಬಹುದಿತ್ತು. "ಯೋಚನೆ ಮಾಡ್ತೀನಿ" ಎಂದೆ. ನಾಲ್ಕು ದಿನ ಯೋಚನೆ ಮಾಡಿದೆ. ಸಂಜೆ ವಾಪಸು ಹೋಗುವಾಗ ಸೂಲೂರಿನ ಒಂದು ಟೀ ಅಂಗಡಿಯಲ್ಲಿ ಬೈಕ್ ನಿಲ್ಲಿಸಿ ಕರಡು ಬರೆಯುತ್ತಿದ್ದೆ. ವಾಯುಪಡೆಯ ವಿಮಾನ ತಲೆಯ ಮೇಲೆ ಹಾದಾಗ ಗ್ಲಾಸು ನಡುಗುತ್ತಿತ್ತು. ಮೊದಲ ಕರಡಿನಲ್ಲಿ ‘ಕಾರ್ಡುಗಳು ಹಾಳಾಗಿದ್ದವು’ ಎಂದಿತ್ತು. ಎರಡನೆಯದರಲ್ಲಿ ‘ಕಾರ್ಡುಗಳು ಹೊಗೆಗೆ ಒಡ್ಡಲ್ಪಟ್ಟಿದ್ದವು’. ಮೂರನೆಯದರಲ್ಲಿ ‘ಮೊದಲ ವರದಿಯಲ್ಲಿ ಕೆಲವು ಅಂಶಗಳನ್ನು ಮರುಪರಿಶೀಲಿಸುವ ಅಗತ್ಯ ಕಂಡುಬಂದಿದೆ’. ಮೂರರಲ್ಲಿಯೂ ಮನುಷ್ಯರೇ ಇರಲಿಲ್ಲ. ಕೆಡಿಸಿದವನಿಲ್ಲ, ಕೆಟ್ಟ ಹೆಸರು ಹೊತ್ತವರಿಲ್ಲ.

ಪತ್ರಿಕಾ ಕಚೇರಿಯಲ್ಲಿ ತಿದ್ದುಪಡಿ ಹಾಕುವ ಕ್ರಮ ನನಗೆ ಗೊತ್ತಿತ್ತು. ತಪ್ಪು ಎಲ್ಲಿ ಅಚ್ಚಾಗಿತ್ತೋ ಅದೇ ಜಾಗದಲ್ಲಿ ಹಾಕಬೇಕು. ಏನು ತಪ್ಪಿತ್ತು ಎಂದು ಹೇಳಬೇಕು. ಸಮಜಾಯಿಷಿ ಇರಬಾರದು. ಇಷ್ಟು ಗೊತ್ತಿದ್ದವನಿಗೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ಅವರು ಶೆಡ್ಡಿನಲ್ಲಿ ಮೊಟ್ಟೆ ಎತ್ತಿಡುತ್ತಿದ್ದರು.

ಐದನೇ ದಿನ ಕಳುಹಿಸಿದೆ. ಮೊದಲ ವರದಿ ಯಾರ್ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ. ‘ನನ್ನ ಮೊದಲ ವರದಿ ತಪ್ಪು. ನಾನು ಒಳಗೆ ಹೋಗಿ ಪರೀಕ್ಷಿಸಿರಲಿಲ್ಲ. ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ. ಮೇಲ್ವಿಚಾರಕಿಯ ರಿಜಿಸ್ಟರ್ ಹೇಳುವ ಸಮಯಕ್ಕೂ ನೆಟ್‌ವರ್ಕ್ ನಿಂತ ಸಮಯಕ್ಕೂ ಹೊಂದಾಣಿಕೆಯಿದೆ. ನೆಟ್‌ವರ್ಕ್ ನಿಲ್ಲಲು ಕಾರಣ ಕಾರ್ಡುಗಳು. ಅವು ಕೆಟ್ಟದ್ದು ನಾನು ಕವರ್ ತೆಗೆದು ಫಾರ್ಮಲಿನ್ ಹೊಗೆಗೆ ಇಟ್ಟದ್ದರಿಂದ. ಹಾಗೆ ಮಾಡಬೇಡಿ ಎಂದು ಮೇಲ್ವಿಚಾರಕಿ ಅಂದೇ ಹೇಳಿದ್ದರು.’ ಇದರ ತಮಿಳು ಪ್ರತಿಯನ್ನು ಊಟದ ಶೆಡ್ಡಿನ ಅದೇ ಬೋರ್ಡಿನಲ್ಲಿ, ಅದೇ ಮೊಳೆಗೆ ನಾನೇ ಸಿಕ್ಕಿಸಿದೆ. ಮ್ಯಾನೇಜರ್ ಅದನ್ನು ನಿಂತು ಓದಿದರು. "ನೀವೇ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಲ್ಲ" ಎಂದರು. ತೆಗೆಯಲು ಹೇಳಲಿಲ್ಲ.

ಗಾಂಧಿಪುರಂನಿಂದ ನನಗೊಂದು ಮೆಮೊ ಬಂತು. ಐದು ಹೊಸ ಕಾರ್ಡುಗಳು ಯುವಿ ಪೆಟ್ಟಿಗೆಯ ಮೂಲಕ ಒಳಗೆ ಹೋದವು, ಇಂದಿಗೂ ಕೆಲಸ ಮಾಡುತ್ತಿವೆ. ಹೊಗೆ ಕೋಣೆಯ ಬಾಗಿಲಿಗೆ ಎಲೆಕ್ಟ್ರಾನಿಕ್ ಸಾಮಾನು ಇಡಬಾರದೆಂದು ಬೋರ್ಡು ಬಂತು. ಫಿಟ್ಟರನ್ನು ಯಾರೂ ಮತ್ತೆ ಕೇಳಲಿಲ್ಲ. ಮೇಲ್ವಿಚಾರಕಿಯ ಮೇಲಿನ ಆರೋಪವನ್ನು ಲಿಖಿತವಾಗಿ ಕೈಬಿಟ್ಟು, ಮುಂದಿನ ಸೋಮವಾರದಿಂದ ಸೆಟ್ಟರ್ ಕೋಣೆಗೆ ಮರಳುವಂತೆ ಆದೇಶ ಕೊಟ್ಟರು.

ಆ ಸೋಮವಾರ ಬೆಳಿಗ್ಗೆ ನಾನು ಹ್ಯಾಚರಿಯ ಬಾಗಿಲಿಗೆ ಬಂದಾಗ ಅವರು ಆಗಲೇ ಬಂದು ಸ್ನಾನದ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಮಡಚಿದ ಟವೆಲ್ಲು.

"ಅಕ್ಕ, ನನ್ನಿಂದ ನಿಮಗೆ..." ಎಂದು ಶುರುಮಾಡಿದೆ.

"ಬೋರ್ಡಲ್ಲಿ ಹಾಕಿದ್ದು ಓದಿದೆ ಸಾರ್. ಅದು ತಮಿಳು, ಓದಕ್ಕೆ ಬರುತ್ತೆ." ನನ್ನ ಕೈಯಲ್ಲಿದ್ದ ದಿನಚರಿಯ ಕಡೆ ನೋಡಿದರು. "ಇದರಲ್ಲಿ ನನ್ನ ಬಗ್ಗೆ ಏನಿದೆ? ಆ ದಿನ ಬರೆದಿದ್ದು. ಓದಿ."

"ಅದೇ ಅಕ್ಕ. ವರದಿಯಲ್ಲಿ ಇದ್ದಿದ್ದೇ."

"ಪರವಾಯಿಲ್ಲೆ. ಓದಿ."

ಪುಟ ತೆಗೆದೆ. ನಾಲ್ಕು ವಾಕ್ಯ ಓದಿದೆ. ನಿಲ್ಲಿಸಿದೆ. ಅವರ ಕಣ್ಣು ಪುಟದ ಮೇಲಿತ್ತು. ಅಕ್ಷರ ಗೊತ್ತಿಲ್ಲದಿದ್ದರೂ ಕೆಳಗೆ ಇನ್ನೊಂದು ಸಾಲು ಇರುವುದು ಕಾಣುತ್ತಿತ್ತು. ಅದಕ್ಕೆ ಬೆರಳಿಟ್ಟರು.

"ಇದು?"

ಐದನೆಯ ವಾಕ್ಯ ಓದಿದೆ. "ಮೇಲ್ವಿಚಾರಕಿ ಸುಳ್ಳು ಹೇಳುತ್ತಿದ್ದಾರೆ."

ಒಳಗೆ ಯಾವುದೋ ಸೆಟ್ಟರಿನ ಫ್ಯಾನು ತಿರುಗುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅವರು ಪುಟದ ನಡುವಿನ ಗೆರೆಯನ್ನು ನೋಡಿದರು.

"ಇದು ಯಾವ ಕಡೆ ಸಾರ್? ನೋಡಿದ್ದಾ, ಕೇಳಿದ್ದಾ?"

"ನೋಡಿದ್ದು."

ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಲು ಹೋದೆ. ಅವರು ಪುಟದ ಮೇಲೆ ಅಂಗೈ ಇಟ್ಟರು.

"ಬೇಡ. ಅದು ಹಾಗೇ ಇರಲಿ. ನಮ್ಮ ರಿಜಿಸ್ಟರಲ್ಲಿ ಹೊಡೆದ್ರೆ ಏನಂತಾರೆ ಗೊತ್ತು ತಾನೇ? ಕೆಳಗೆ ಬರೀರಿ, ಇದನ್ನ ನನಗೆ ಓದಿ ಹೇಳಿದೆ ಅಂತ."

ಬರೆದೆ. ಎಡಗಡೆಯ ಅಂಕಣದಲ್ಲಿ. ಬರೆದದ್ದನ್ನೂ ಓದಿ ಹೇಳಿದೆ. ಅವರು ನನ್ನ ಪೆನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ತಮಿಳಿನಲ್ಲಿ ಸಹಿ ಹಾಕಿದರು. ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಸ್ನಾನದ ಕೋಣೆಯ ಬಾಗಿಲು ತಳ್ಳಿದವರು, ಗೋಡೆಯ ಗಡಿಯಾರದ ಕಡೆ ನೋಡಿ ನಿಂತರು.

"ಎಂಟೂ ಇಪ್ಪತ್ತು," ಎಂದರು. "ಟೈಮ್ ಹಾಕಿ, ಸಾರ್."